ಓದುಗರ ಪ್ರಶ್ನೆ, ನಮ್ಮ ಉತ್ತರ: ಭೂಮಣ್ಣಿ ಬುಟ್ಟಿಯಿಂದ ಕಾಗೋಡಿನ ಕೊಳಗದವರೆಗೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಓದುಗರವು. ರಾಜರ ವಂಶಾವಳಿಯನ್ನು ಕೇಳಿದವರಿಗಿಂತ ತಮ್ಮ ಮನೆಯ ಅಟ್ಟದಲ್ಲಿ, ಗದ್ದೆಯ ಬದುವಿನಲ್ಲಿ, ಅಡಿಕೆ ತೋಟದಲ್ಲಿ ಕಣ್ಣಿಗೆ ಬಿದ್ದ ವಸ್ತುಗಳ ಬಗ್ಗೆ ಕೇಳಿದವರೇ ಹೆಚ್ಚು. ಹಾಗಾಗಿ ಉತ್ತರಗಳಲ್ಲಿಯೂ ವಸ್ತುವನ್ನೇ ಮುಂದಿಟ್ಟುಕೊಂಡು, ಅದನ್ನು ಮಾಡಿದ ಮತ್ತು ಬಳಸಿದ ಜನರ ಕಡೆಯಿಂದ ವಿಷಯವನ್ನು ವಿವರಿಸಿದ್ದೇವೆ.

ಪ್ರಶ್ನೆ (ಸಾಗರ ತಾಲ್ಲೂಕಿನಿಂದ): ನಮ್ಮ ಮನೆಯವರು ಭೂಮಿ ಹುಣ್ಣಿಮೆಯ ದಿನ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬುಟ್ಟಿಗೆ ಚಿತ್ತಾರ ಏಕೆ? ಆ ದಿನದ ಅಡುಗೆಗೆ ಅಷ್ಟೊಂದು ಬಗೆಯ ಸೊಪ್ಪು ಏಕೆ?

ಉತ್ತರ: ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಮಳೆಗದ್ದೆಗಳಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಗರಿಯೊಳಗೇ ಇದ್ದು ಹೊರಗೆ ಬರಲು ಸಿದ್ಧವಾಗಿರುತ್ತದೆ. ಆ ಹಂತದ ಪೈರನ್ನು ಬಸುರಿಯೆಂದು ಭಾವಿಸಿ, ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಸೀಮಂತವೇ ಈ ಹಬ್ಬ. ನಾಡಿನ ಬೇರೆ ಭಾಗಗಳಲ್ಲಿ ಇದೇ ದಿನವನ್ನು ಸೀಗೆ ಹುಣ್ಣಿಮೆಯೆಂದು ಆಚರಿಸುವವರಿದ್ದಾರೆ. ಆದರೆ ಸಾಗರ, ಸೊರಬ, ಹೊಸನಗರದ ದೀವರ ಸಮುದಾಯದ ಮನೆಗಳಲ್ಲಿ ಇದಕ್ಕೆ ನಡೆಯುವ ಸಿದ್ಧತೆ ವಿಶೇಷವಾದದ್ದು.

ಮಹಾನವಮಿ ಮುಗಿಯುತ್ತಿದ್ದಂತೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸುತ್ತಾರೆ. ಹೆಣಿಗೆಯ ಸಂದುಗಳು ಮುಚ್ಚಿ ಮೈ ನುಣುಪಾದ ಮೇಲೆ ಕೆಮ್ಮಣ್ಣಿನ ಲೇಪ. ಅದು ಆರಿದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿಯಿಂದ ಚಿತ್ತಾರ. ಕುಂಚವೆಂದರೆ ಪುಂಡಿ ನಾರಿನ ತುದಿಯನ್ನು ಜಜ್ಜಿ ಮಾಡಿಕೊಂಡ ಸಣ್ಣ ಕಡ್ಡಿ. ಮದುವೆಯ ಮನೆಯ ಹಸೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಸಾಮಗ್ರಿ. ಅಲ್ಲಿ ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು ಬಣ್ಣವೂ, ಗುರಿಗೆ ಕಾಯಿಯಿಂದ ತೆಗೆದ ಹಳದಿಯೂ ಸೇರುತ್ತವೆ. ಚಿತ್ತಾರ ಬರೆಯುವ ಹೆಂಗಸರು ಗೆರೆಯನ್ನು ಎಳೆಯೆಂದು ಕರೆಯುತ್ತಾರೆ ಮತ್ತು ಎಳೆಗಳ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತಾರೆ. ಅಳತೆಪಟ್ಟಿಯಿಲ್ಲದೆ, ಬೆರಳಿನ ಅಂದಾಜಿನಲ್ಲಿಯೇ, ಬುಟ್ಟಿಯ ದುಂಡು ಮೈಯ ಸುತ್ತ ಹೊರಟ ಎಳೆ ಹೊರಟ ಜಾಗಕ್ಕೇ ಬಂದು ಕೂಡುವಂತೆ ಬರೆಯುವುದು ಎಷ್ಟು ಕಷ್ಟವೆಂಬುದು ಒಮ್ಮೆ ಕೈಯಾಡಿಸಿದವರಿಗೆ ಗೊತ್ತಾಗುತ್ತದೆ. ಸೀಮಂತಕ್ಕೆ ಹೋಗುವ ಊಟವನ್ನು ಬರಿ ಬುಟ್ಟಿಯಲ್ಲಿ ಒಯ್ಯುವುದು ಸಲ್ಲದೆಂಬ ಗೌರವವೇ ಈ ಚಿತ್ತಾರಕ್ಕೆ ಕಾರಣ. ಬುಟ್ಟಿ ಸಿದ್ಧವಾಗುವ ದಿನಗಳೂ ಹಬ್ಬದ ಭಾಗವೇ ಆಗಿರುವುದರಿಂದ, ಅದನ್ನು ಹಬ್ಬದ ಹಿಂದಿನ ದಿನ ಕೊಂಡು ತಂದರೆ ಕೆಲಸ ಸಾಗಬಹುದು, ಆದರೆ ಹಬ್ಬದ ಅರ್ಧ ಭಾಗ ನಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಸೊಪ್ಪಿನ ವಿಷಯ. ನೂರೊಂದು ಕುಡಿ ಎಂದು ಹೇಳುವ ವಾಡಿಕೆಯಿದ್ದರೂ ಎಣಿಸಿ ತರುವವರು ಕಡಿಮೆ. ಬೇಲಿ, ಬ್ಯಾಣ (ಹುಲ್ಲುಗಾವಲು), ಹಿತ್ತಿಲು, ಕಾಡಂಚುಗಳಲ್ಲಿ ಆ ಕಾಲಕ್ಕೆ ಸಿಗುವ ತಿನ್ನಬಹುದಾದ ಚಿಗುರುಗಳನ್ನೆಲ್ಲ ಒಂದೊಂದು ಚೂರು ಕೊಯ್ದು ತಂದು, ಅಮಟೆಕಾಯಿ, ಹಾಗಲದಂತಹ ಕಾಯಿಗಳನ್ನೂ ಸೇರಿಸಿ ಒಟ್ಟಿಗೆ ಬೇಯಿಸಿದರೆ ಹಚ್ಚಂಬಲಿ ಸಿದ್ಧವಾಗುತ್ತದೆ. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಹೆಂಗಸರು ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತ, ಬಂದು ಉಣ್ಣು ಎಂದು ಭೂಮಿತಾಯಿಯನ್ನು ಕೂಗಿ ಕರೆಯುತ್ತಾರೆ. ಬೆಳಗಾದ ಮೇಲೆ ಪೈರಿಗೆ ಒಡವೆ, ಹೂವು ತೊಡಿಸಿ ಪೂಜೆ ಮಾಡುತ್ತಾರೆ. ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹುಗಿಯುತ್ತಾರೆ, ಕಾಗೆಗೂ ಇಲಿಗೂ ಎಡೆ ಇಡುತ್ತಾರೆ, ಉಳಿದದ್ದನ್ನು ಮನೆಯವರೆಲ್ಲ ಗದ್ದೆಯಲ್ಲಿಯೇ ಕುಳಿತು ಉಣ್ಣುತ್ತಾರೆ. ಬೆಳೆಯನ್ನು ತಿನ್ನುವ ಇಲಿಗೂ ಪಾಲು ಇಟ್ಟಿರುವುದನ್ನು ಗಮನಿಸಬೇಕು. ಹಾಗೆಯೇ, ಸೊಪ್ಪು ಹುಡುಕಲು ಅಜ್ಜಿಯರ ಹಿಂದೆ ಹೋಗುವ ಮಕ್ಕಳಿಗೆ ಯಾವ ಚಿಗುರು ತಿನ್ನಬಹುದು, ಯಾವುದು ಬಾರದು ಎಂಬ ಪಾಠ ಪ್ರತಿವರ್ಷವೂ ಆಗುತ್ತಿತ್ತು. ಈಗ ಆ ಚಿಗುರುಗಳನ್ನು ಗುರುತಿಸಬಲ್ಲವರು ಮನೆಗೊಬ್ಬರು ಉಳಿದಿದ್ದರೆ ಹೆಚ್ಚು. ಅವರು ಹೇಳುವ ಹೆಸರುಗಳನ್ನು ಈ ವರ್ಷವೇ ಬರೆದಿಟ್ಟುಕೊಳ್ಳಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ.

ಪ್ರಶ್ನೆ (ಸೊರಬ ತಾಲ್ಲೂಕಿನಿಂದ): ನಮ್ಮ ಗದ್ದೆಯ ಅಂಚಿನಲ್ಲಿ ಮೂರು ಅಂತಸ್ತಿನ ಕೆತ್ತನೆಯಿರುವ ಒಂದು ಕಲ್ಲು ಇದೆ. ಅದರ ಕೆಳಗೆ ನಿಧಿ ಇದೆಯೆಂದು ಕೆಲವರು ಹೇಳುತ್ತಾರೆ. ಅದು ಏನು, ಅದನ್ನು ಓದುವುದು ಹೇಗೆ?

ಉತ್ತರ: ನಿಮ್ಮ ವಿವರಣೆಯಂತೆ ಅದು ವೀರಗಲ್ಲು. ಅದರ ಕೆಳಗೆ ನಿಧಿ ಇರುವುದಿಲ್ಲ. ಹೋರಾಡಿ ಸತ್ತವನೊಬ್ಬನ ನೆನಪಿಗಾಗಿ ಊರಿನವರೋ ಮನೆಯವರೋ ನಿಲ್ಲಿಸಿದ ಕಲ್ಲು ಅದು. ನಿಧಿಯ ಆಸೆಗೆ ಬಿದ್ದು ಕಿತ್ತು ಹಾಕಿದ, ಒಡೆದು ಚೂರು ಮಾಡಿದ ವೀರಗಲ್ಲುಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಹಾಗೆ ಒಡೆದಾಗಲೆಲ್ಲ ಬೇರೆಲ್ಲಿಯೂ ದಾಖಲಾಗದ ಒಬ್ಬ ಮನುಷ್ಯನ ಹೆಸರು ಶಾಶ್ವತವಾಗಿ ಅಳಿದುಹೋಗುತ್ತದೆ.

ಓದುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೆಳಗಿನ ಅಂಕಣದಲ್ಲಿ ಕಾಳಗದ ದೃಶ್ಯವಿರುತ್ತದೆ. ಕತ್ತಿ ಗುರಾಣಿ ಹಿಡಿದವನೋ ಬಿಲ್ಲೆತ್ತಿದವನೋ ಉಳಿದವರಿಗಿಂತ ದೊಡ್ಡದಾಗಿ ಕೆತ್ತಿದ್ದರೆ ಅವನೇ ವೀರ. ಪಕ್ಕದಲ್ಲಿ ದನಗಳ ಸಾಲು ಇದ್ದರೆ ಅವನು ತುರುಗೋಳಿನಲ್ಲಿ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರೊಡನೆ ಹೋರಾಡಿ ಮಡಿದನೆಂದು ತಿಳಿಯಬಹುದು. ಶಾಸನಗಳಲ್ಲಿ ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳೂ ಬರುತ್ತವೆ. ಊರಿನ ಮೇಲೆ ದಾಳಿಯಾದಾಗ, ಹೆಂಗಸರ ಮೇಲೆ ಕೈಮಾಡಿದಾಗ ಅಡ್ಡ ನಿಂತು ಸತ್ತವರ ಕಲ್ಲುಗಳು ಅವು. ನಡುವಿನ ಅಂಕಣದಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ, ಪಕ್ಕದಲ್ಲಿ ನಂದಿಯೂ ಪೂಜಾರಿಯೂ ಇರುತ್ತಾರೆ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬವಿರುತ್ತದೆ. ತುದಿಯಲ್ಲಿರುವ ಸೂರ್ಯ ಚಂದ್ರರು ಅವರಿರುವವರೆಗೂ ಇವನ ಕೀರ್ತಿ ಇರಲಿ ಎಂಬುದನ್ನು ಸೂಚಿಸುತ್ತಾರೆ. ಗೆದ್ದರೆ ಲಕ್ಷ್ಮಿ ದೊರೆಯುತ್ತಾಳೆ, ಸತ್ತರೆ ಸುರಾಂಗನೆ ದೊರೆಯುತ್ತಾಳೆ, ಕ್ಷಣದಲ್ಲಿ ಅಳಿಯುವ ಈ ಕಾಯಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕ ಅನೇಕ ವೀರಗಲ್ಲುಗಳಲ್ಲಿದೆ.

ಅಕ್ಷರಗಳಿದ್ದರೆ ಅವು ಅಂಕಣಗಳ ನಡುವಿನ ಪಟ್ಟಿಯಲ್ಲಿರುತ್ತವೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಕಲ್ಲಿನ ಮೈ ಸವರಿಕೊಂಡು ಬೀಳುವಾಗ ನೋಡಿದರೆ, ಇಲ್ಲವೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕನ್ನು ಅಡ್ಡಲಾಗಿ ಬಿಟ್ಟರೆ, ಪ್ರತಿಯೊಂದು ಗೆರೆಯ ಒಳಗೂ ನೆರಳು ನಿಂತು ಅಕ್ಷರಗಳು ಮೇಲೆದ್ದು ಬಂದಂತೆ ಕಾಣುತ್ತವೆ. ಎಣ್ಣೆ, ಬಣ್ಣ, ಸುಣ್ಣಗಳನ್ನು ಹಚ್ಚಬಾರದು, ತಂತಿಯ ಬ್ರಷ್ಷಿನಿಂದ ಉಜ್ಜಲೂಬಾರದು. ಲೂಯಿ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳು 1902 ಮತ್ತು 1904ರಲ್ಲಿ ಪ್ರಕಟವಾಗಿದ್ದು, ಶಿವಮೊಗ್ಗ ಜಿಲ್ಲೆಯ ಶಾಸನಗಳು ಅವುಗಳಲ್ಲಿವೆ. ನಿಮ್ಮ ಸೊರಬ ತಾಲ್ಲೂಕಿನವು 8ನೆಯ ಸಂಪುಟದಲ್ಲಿವೆ. ನಿಮ್ಮ ಊರಿನ ಹೆಸರು ಅಲ್ಲಿ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಕಲ್ಲಿನ ಚಿತ್ರ ತೆಗೆದು ಪುರಾತತ್ವ ಇಲಾಖೆಗೆ ತಿಳಿಸುವುದು ಒಳ್ಳೆಯದು. ಹೋಲಿಸಿ ನೋಡಬೇಕೆಂದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಗಳಿಂದ ತಂದಿರಿಸಿದ ಕಲ್ಲುಗಳಿವೆ.

ಅದೇ ಪತ್ರದಲ್ಲಿ, ಕಂಬದಿಂದ ಹೊರಟ ತೋಳು ಮತ್ತು ಬಳೆಯಿರುವ ಮೇಲೆತ್ತಿದ ಕೈಯನ್ನು ಕೆತ್ತಿದ ಮತ್ತೊಂದು ಕಲ್ಲಿನ ಬಗ್ಗೆಯೂ ಕೇಳಿದ್ದಾರೆ. ಅದು ಮಾಸ್ತಿಕಲ್ಲು, ಗಂಡನ ಚಿತೆಯಲ್ಲಿ ಪ್ರಾಣ ಬಿಟ್ಟ ಹೆಂಗಸಿನ ಗುರುತು. ವೀರನ ಹೆಸರು, ಅವನು ಹೋರಾಡಿದ ಕಾರಣ, ಅವನ ಮನೆಯವರಿಗೆ ಬಿಟ್ಟ ನೆತ್ತರುಕೊಡಗಿ ಭೂಮಿ, ಇವೆಲ್ಲ ಶಾಸನದಲ್ಲಿ ದಾಖಲಾಗಿರುತ್ತವೆ. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಮಾತ್ರ ಆ ಕೈಯ ಹೊರತು ಒಂದಕ್ಷರವೂ ಇಲ್ಲ. ಎರಡನ್ನೂ ಒಟ್ಟಿಗೆ ನೋಡುವಾಗ ಈ ವ್ಯತ್ಯಾಸ ಮನಸ್ಸಿಗೆ ನೋವುಂಟುಮಾಡುತ್ತದೆ.

ಪ್ರಶ್ನೆ (ಶಿಕಾರಿಪುರದಿಂದ): ಬಳ್ಳಿಗಾವಿಯ ಮಠವೊಂದರಲ್ಲಿ ಆಸ್ಪತ್ರೆ ಇತ್ತೆಂಬುದು ನಿಜವೇ?

ಉತ್ತರ: ನಿಜ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಜೊತೆಗಿದ್ದ ಕೋಡಿಯ ಮಠವನ್ನು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ವರ್ಣಿಸುತ್ತದೆ. ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ದರ್ಶನಗಳು, ಕಾವ್ಯ, ನಾಟಕ ಇವುಗಳ ಪಾಠ ನಡೆಯುವ ಸ್ಥಳವೆಂದು ಹೇಳುವ ಶಾಸನವು, ಅದೇ ಉಸಿರಿನಲ್ಲಿ ಅದನ್ನು ದೀನರಿಗೂ ಅಂಗವಿಕಲರಿಗೂ ಅನ್ನ ನೀಡುವ ಸ್ಥಳವೆಂದೂ, ನಾನಾ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಳವೆಂದೂ ಹೇಳುತ್ತದೆ. ಇಂದಿನ ಅರ್ಥದ ಆಸ್ಪತ್ರೆಯ ಕಟ್ಟಡವನ್ನು ಅಲ್ಲಿ ಕಲ್ಪಿಸಿಕೊಳ್ಳಬೇಕಾಗಿಲ್ಲ. ಆದರೆ ಓದು, ಊಟ, ಔಷಧ ಮೂರನ್ನೂ ಒಂದೇ ಅಂಗಳದಲ್ಲಿ ಇಟ್ಟುಕೊಂಡಿದ್ದ ಸಂಸ್ಥೆ ನಿಮ್ಮ ತಾಲ್ಲೂಕಿನಲ್ಲಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ.

ಪ್ರಶ್ನೆ (ಹೊಸನಗರದಿಂದ): ಶಿವಪ್ಪನಾಯಕನ ಶಿಸ್ತು ಎಂಬ ಮಾತನ್ನು ಕೇಳಿದ್ದೇವೆ. ಅದು ಕಟ್ಟುನಿಟ್ಟಿನ ಆಡಳಿತಕ್ಕೆ ಸಂಬಂಧಿಸಿದ್ದೇ?

ಉತ್ತರ: ಶಿಸ್ತು ಎಂಬುದು ಭೂಕಂದಾಯದ ವ್ಯವಸ್ಥೆಯ ಹೆಸರು. ಬಿದನೂರನ್ನು ರಾಜಧಾನಿಯಾಗಿಟ್ಟುಕೊಂಡು 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಅದರ ಫಲವತ್ತತೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿ, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಪಡಿಸಿದನು. ಊರೂರಿನಲ್ಲಿ ಬಗೆಬಗೆಯ ಹೊಲಗದ್ದೆಗಳನ್ನು ಮಾದರಿಗೆ ಆರಿಸಿ, ಸತತವಾಗಿ ಹನ್ನೆರಡು ವರ್ಷ ಅವುಗಳಿಗೆ ತಗಲಿದ ಬೀಜ, ದುಡಿಮೆ ಮತ್ತು ಬಂದ ಬೆಳೆಯ ಲೆಕ್ಕ ಇಟ್ಟು ಸರಾಸರಿ ತೆಗೆದರೆಂದು ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಮಳೆ ಹೆಚ್ಚಾದ ವರ್ಷವೂ ಕೈಕೊಟ್ಟ ವರ್ಷವೂ ಲೆಕ್ಕದಲ್ಲಿ ಸೇರಿಕೊಂಡದ್ದು ಈ ಪದ್ಧತಿಯ ಹೆಚ್ಚುಗಾರಿಕೆ. ಒಂದು ಒಳ್ಳೆಯ ಬೆಳೆಯನ್ನು ನೋಡಿ ಕಂದಾಯ ಏರಿಸುವ ಅಧಿಕಾರಿಯ ಕೈಯನ್ನು ಅದು ಕಟ್ಟಿಹಾಕುತ್ತಿತ್ತು.

ಅಡಿಕೆ ತೋಟಕ್ಕೆ ಬೇರೆಯೇ ಅಳತೆ. ತೋಟವನ್ನು ಅಳೆಯುವ ಕೋಲಿನ ಉದ್ದಕ್ಕೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಪಶ್ಚಿಮ ದ್ವಾರದ ಕಲ್ಲಿನ ಮೆಟ್ಟಿಲುಗಳೇ ಪ್ರಮಾಣವೆಂದೂ, ಅದು ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲವೆಂದೂ, ಆ ಅಳತೆಗೆ ದಾಯವೆಂದು ಹೆಸರೆಂದೂ ಅದೇ ಗೆಜೆಟಿಯರ್ ತಿಳಿಸುತ್ತದೆ. ಅಳತೆಗೋಲನ್ನು ಅಧಿಕಾರಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅದರ ಉದ್ದ ಎಷ್ಟೆಂದು ರೈತನಿಗೆ ತಿಳಿಯುತ್ತಿರಲಿಲ್ಲ. ದೇವರ ಬಾಗಿಲಿನ ಕಲ್ಲಿನಲ್ಲಿಯೇ ಅದು ಇದ್ದುದರಿಂದ ಅನುಮಾನ ಬಂದವರು ಯಾರು ಬೇಕಾದರೂ ಹೋಗಿ ತಾಳೆ ನೋಡಬಹುದಾಗಿತ್ತು. ಇಕ್ಕೇರಿಗೆ ಹೋದವರು ಕಲ್ಲಿನ ಕೆತ್ತನೆಯ ಜೊತೆಗೆ ಆ ಮೆಟ್ಟಿಲುಗಳನ್ನೂ ಗಮನಿಸಿ ಬರಬೇಕು.

ಪ್ರಶ್ನೆ (ಭದ್ರಾವತಿಯಿಂದ): ಹೈದರಾಲಿಯ ಚಿನ್ನದ ನಾಣ್ಯದಲ್ಲಿ ಶಿವಪಾರ್ವತಿಯರಿರುವುದು ಹೇಗೆ?

ಉತ್ತರ: 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಅಲ್ಲಿ ಚಲಾವಣೆಯಲ್ಲಿದ್ದದ್ದು ಇಕ್ಕೇರಿ ವರಹ. ಅದರ ಒಂದು ಮುಖದಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯ ಶ್ರೀ ಸದಾಶಿವ ಎಂಬ ಬರಹ. ಮಲೆನಾಡಿನಲ್ಲಿಯೂ ಕರಾವಳಿಯ ವ್ಯಾಪಾರದಲ್ಲಿಯೂ ಜನ ನಂಬಿ ಪಡೆಯುತ್ತಿದ್ದ ಹಣ ಅದು. ಹೈದರನು ಶಿವಪಾರ್ವತಿಯರ ಮುಖವನ್ನು ಹಾಗೆಯೇ ಉಳಿಸಿಕೊಂಡು, ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿ ಲಿಪಿಯಲ್ಲಿ ಅಚ್ಚು ಹಾಕಿಸಿದನು.

ಪ್ರಶ್ನೆ (ಸಾಗರದ ಕಾಲೇಜು ವಿದ್ಯಾರ್ಥಿನಿಯಿಂದ): ನಮ್ಮ ಅಟ್ಟದಲ್ಲಿ ಹಳೆಯ ಕೊಳಗವೊಂದಿದೆ. ಕಾಗೋಡು ಸತ್ಯಾಗ್ರಹ ಇಂಥ ಪಾತ್ರೆಯ ವಿಷಯವಾಗಿ ನಡೆಯಿತೆಂದು ಅಜ್ಜ ಹೇಳುತ್ತಾರೆ. ಒಂದು ಪಾತ್ರೆಗಾಗಿ ಅಷ್ಟು ದೊಡ್ಡ ಚಳವಳಿ ನಡೆದದ್ದು ಏಕೆ?

ಉತ್ತರ: ನಿಮ್ಮ ಅಜ್ಜ ಹೇಳಿದ್ದು ಸರಿಯಾಗಿದೆ, ಮತ್ತು ಈ ಸಂಚಿಕೆಯ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದೇ.

ಕೊಳಗ ಭತ್ತ ಅಳೆಯುವ ಪಾತ್ರೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಹೇಳಿ ಮುಂದಕ್ಕೆ ಎಣಿಸುವ ವಾಡಿಕೆ ಇಂದಿಗೂ ಹಿರಿಯರ ಬಾಯಲ್ಲಿದೆ. ಭೂಮಾಲೀಕನಿಗೆ ಗೇಣಿದಾರನು ಕೊಡಬೇಕಾದ ಗೇಣಿಯು ಹಣದ ಲೆಕ್ಕದಲ್ಲಿರದೆ ಇಷ್ಟು ಖಂಡುಗ ಭತ್ತವೆಂದು ಗೊತ್ತಾಗಿರುತ್ತಿತ್ತು. ಗೇಣಿ ಅಳೆದುಕೊಳ್ಳುವಾಗ ಮಾಲೀಕರು ತಮ್ಮ ಮನೆಯ ಕೊಳಗವನ್ನು ತರುತ್ತಿದ್ದರು, ಮತ್ತು ಅದು ನ್ಯಾಯವಾದ ಅಳತೆಯ ಕೊಳಗಕ್ಕಿಂತ ದೊಡ್ಡದಾಗಿರುತ್ತಿತ್ತು. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿಯಿತೆಂದು ಇಟ್ಟುಕೊಳ್ಳಿ. ಒಂದು ಖಂಡುಗಕ್ಕೆ ಹತ್ತು ಸೇರು, ಹತ್ತು ಖಂಡುಗ ಗೇಣಿಗೆ ನೂರು ಸೇರು ಭತ್ತ ಯಾವ ಲೆಕ್ಕಕ್ಕೂ ಸಿಗದೆ ಗೇಣಿದಾರನ ಕಣದಿಂದ ಹೊರಟುಹೋಗುತ್ತದೆ. ಪತ್ರದಲ್ಲಿ ಬರೆದ ಗೇಣಿ ಒಂದು ಕಾಳೂ ಹೆಚ್ಚಿರುವುದಿಲ್ಲ. ಅನ್ಯಾಯವೆಲ್ಲ ಪಾತ್ರೆಯ ಹೊಟ್ಟೆಯೊಳಗೆ ಅಡಗಿರುತ್ತದೆ. ಅಳೆಯುವ ಕೈ ತುಂಬಿದ ಕೊಳಗವನ್ನು ಬಾಯಿಮಟ್ಟಕ್ಕೆ ಸವರುತ್ತದೆಯೋ, ಗೋಪುರ ಏರುವವರೆಗೆ ಸುರಿಯುತ್ತದೆಯೋ ಎಂಬುದರ ಮೇಲೂ ಒಂದು ಸಂಸಾರದ ಮಳೆಗಾಲದ ಗಂಜಿ ನಿಂತಿರುತ್ತಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತಸಂಘದ ಬೆಂಬಲದಿಂದ ಅವರು ನ್ಯಾಯವಾದ ಕೊಳಗದಲ್ಲಿಯೇ ಗೇಣಿ ಅಳೆಯುವುದಾಗಿ ಹೇಳಿದರು. ಮಾಲೀಕರು ಒಪ್ಪದೆ ಭೂಮಿಯನ್ನೇ ಬಿಡಿಸಲು ಹೊರಟಾಗ, 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಸತ್ಯಾಗ್ರಹದ ರೀತಿ ಸರಳವಾಗಿತ್ತು. ರೈತರು ತಂಡತಂಡವಾಗಿ ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗೆ ಇಳಿಯುತ್ತಿದ್ದರು, ಪೊಲೀಸರು ಬಂಧಿಸುತ್ತಿದ್ದರು, ಮರುದಿನ ಇನ್ನೊಂದು ತಂಡ ಇಳಿಯುತ್ತಿತ್ತು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಮುಂದಾಳುಗಳಾದರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಇದೇ ಪ್ರದೇಶದಿಂದ ವಿಧಾನಸಭೆಗೆ ಆರಿಸಿಬಂದರು.

ಹೋರಾಟದ ಫಲ ಕೂಡಲೇ ಕೈಗೆ ಬರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾದಾಗ ಗೇಣಿ ಎಂಬ ವ್ಯವಸ್ಥೆಯೇ ಮುಗಿಯಿತು. ಕಾಗೋಡಿನಲ್ಲಿ ಗದ್ದೆಗಿಳಿದವರಲ್ಲಿ ಎಷ್ಟೋ ಮಂದಿ ಅಷ್ಟು ವರ್ಷ ಕಾಯಬೇಕಾಯಿತು. ನಿಮ್ಮ ಅಟ್ಟದ ಕೊಳಗವನ್ನು ಗುಜರಿಗೆ ಹಾಕಬೇಡಿ. ಅದರೊಳಗೆ ಎಷ್ಟು ಸೇರು ಹಿಡಿಯುತ್ತದೆಂದು ಅಳೆದು, ಅದು ಯಾರ ಮನೆಯಿಂದ ಬಂದದ್ದು, ಕೊಡುವುದಕ್ಕೆ ಬಳಸಿದ್ದೋ ಪಡೆಯುವುದಕ್ಕೆ ಬಳಸಿದ್ದೋ ಎಂಬುದನ್ನು ಅಜ್ಜನಿಂದ ಕೇಳಿ ಬರೆದಿಟ್ಟುಕೊಳ್ಳಿ. ಆ ವಿವರ ಜೊತೆಗಿದ್ದಾಗ ಮಾತ್ರ ಆ ಪಾತ್ರೆ ಚರಿತ್ರೆಯ ದಾಖಲೆಯಾಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ಮನೆಗೆ ಬರುವ ಪದ್ಧತಿ ಏನು?

ಉತ್ತರ: ಮಲೆನಾಡಿನವರು ದೊಡ್ಡಹಬ್ಬವೆಂದು ಕರೆಯುವ ದೀಪಾವಳಿಯಲ್ಲಿ, ಊರಿನ ಗಂಡಸರ ತಂಡವೊಂದು ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು, ಅದು ಆರದಂತೆ ಕಾಪಾಡುತ್ತ, ರಾತ್ರಿಯಿಡೀ ಮನೆಯಿಂದ ಮನೆಗೆ, ಊರಿನಿಂದ ಊರಿಗೆ ನಡೆಯುತ್ತದೆ. ಬಾಗಿಲಿನ ಮುಂದೆ ನಿಂತು ಒಬ್ಬರು ಪದದ ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ಹಿಮ್ಮೇಳದಲ್ಲಿ ಹಾಡುತ್ತಾರೆ. ಬಾಗಿಲು ತೆಗೆಸುವ ಪದ, ಬಲೀಂದ್ರನ ಪದ, ದೀಪಕ್ಕೆ ಎಣ್ಣೆ ಎರೆಯಿರೆಂದು ಕೇಳುವ ಪದ ಹೀಗೆ ಸಂದರ್ಭಕ್ಕೊಂದು ಹಾಡು. ಮನೆಯೊಡತಿಯು ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಮನೆಯ ದೀಪವನ್ನು ಹಚ್ಚಿಕೊಂಡು, ಅಕ್ಕಿ, ಕಾಯಿ, ಕಾಣಿಕೆಗಳನ್ನು ಕೊಡುತ್ತಾಳೆ. ಮನೆಗಳು ಒಂದಕ್ಕೊಂದು ದೂರವಿದ್ದು, ನಡುವೆ ತೋಟ, ಹಳ್ಳ, ಕಾಡು ಇರುವ ಊರುಗಳಲ್ಲಿ, ಮಳೆಗಾಲ ಕಳೆದ ಮೇಲೆ ಎಲ್ಲರ ಮನೆಯ ಅಂಗಳಕ್ಕೂ ಒಮ್ಮೆ ಕಾಲಿಟ್ಟು ಬರುವ ಏರ್ಪಾಡು ಇದು. ಎರಡು ಮೂರು ರಾತ್ರಿಗಳಲ್ಲಿ ಕೂಡಿದ ಅಕ್ಕಿಯಿಂದ ಕೊನೆಗೆ ಎಲ್ಲರೂ ಸೇರಿ ಊಟ ಮಾಡುತ್ತಾರೆ. ವೇದಿಕೆಯ ಮೇಲೆ ಹತ್ತು ನಿಮಿಷದ ಪ್ರದರ್ಶನವಾಗಿ ಇದನ್ನು ನೋಡಿದವರು, ಸಾಧ್ಯವಾದರೆ ಒಂದು ರಾತ್ರಿ ತಂಡದ ಜೊತೆ ನಡೆದು ನೋಡಬೇಕು.

ಪ್ರಶ್ನೆ (ಶಿವಮೊಗ್ಗದ ನಿವೃತ್ತ ಶಿಕ್ಷಕರಿಂದ): ಹಿಂದಿನ ಕಾಲದಲ್ಲಿ ನಮ್ಮ ಭಾಗದ ಮಕ್ಕಳು ಲೆಕ್ಕ ಕಲಿಯುತ್ತಿದ್ದ ಬಗೆಗೆ ಕಣ್ಣಾರೆ ಕಂಡವರ ಬರಹವಿದೆಯೇ?

ಉತ್ತರ: ಬಹಳ ಸೊಗಸಾದದ್ದೊಂದು ಇದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ, ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದನು. ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡನು. ನೆಲದ ಮೇಲೆ ನಯವಾದ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಸಾಲೊಂದನ್ನು ರಾಗವಾಗಿ ಹೇಳುತ್ತಲೇ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದನು, ಉಳಿದವರು ಅದನ್ನೇ ಹಾಡುತ್ತ ಬರೆಯುತ್ತಿದ್ದರು. ಜಾಗ ತುಂಬಿದಾಗ ಅಳಿಸಿ ಮತ್ತೆ ಮರಳು ಉದುರಿಸುತ್ತಿದ್ದರು. ಗುರುಗಳು ಹತ್ತಿರವಿಲ್ಲದಿರುವಾಗ ತಪ್ಪಾದರೆ ತಿದ್ದುವವರು ಯಾರೆಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತೇವೆ ಎಂದು ಹುಡುಗರು ಉತ್ತರಿಸಿದರು. ಈ ಕಲಿಕೆಯ ವಿಧಾನ ಸುಲಭವೂ ಭದ್ರವೂ ಆದದ್ದೆಂದು ಅವನು ಮೆಚ್ಚಿ ಬರೆದಿದ್ದಾನೆ. ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿಸಿ ಕಲಿಸಿದ ನಿಮಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರಿಂದ): ಮೈಲುತುತ್ತ ಬರುವ ಮೊದಲು ನಮ್ಮ ಹಿರಿಯರು ಕೊಳೆರೋಗವನ್ನು ಹೇಗೆ ತಡೆಯುತ್ತಿದ್ದರು? ಔಷಧಿ ಹೊಡೆಯುವ ಪದ್ಧತಿ ಯಾವಾಗ ಬಂತು?

ಉತ್ತರ: ಹಿರಿಯರು ಅಡಿಕೆಯ ಕೊನೆಗೆ, ಅಂದರೆ ಕಾಯಿಗೊಂಚಲಿಗೆ, ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆಯ ಹಾಳೆಯನ್ನೋ ಬ್ಯಾಣದ ಕರಡ ಹುಲ್ಲನ್ನೋ ಹೆಣೆದು ಕೊಡೆಯಂತಹ ಹೊದಿಕೆ ಮಾಡಿ, ಮಳೆ ಹಿಡಿಯುವ ಮೊದಲು ಮರ ಹತ್ತಿ ಒಂದೊಂದು ಕೊನೆಗೂ ಕಟ್ಟಿ ನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ಕೊಳೆರೋಗದ ಶಿಲೀಂಧ್ರ ಹರಡುವುದಕ್ಕೆ ಕಾಯಿಯ ಮೇಲೆ ನೀರಿನ ಪಸೆ ಬೇಕೇ ಬೇಕು. ಸೂಕ್ಷ್ಮದರ್ಶಕವನ್ನು ಕಾಣದ ಜನ ಆ ಪಸೆಯನ್ನೇ ತಡೆದು ರೋಗದ ಮೂಲಕ್ಕೆ ಕೈಹಾಕಿದ್ದರು. ಆದರೆ ಸಾವಿರಾರು ಮರಗಳ ತೋಟದಲ್ಲಿ ಕೊಟ್ಟೆ ಕಟ್ಟಿಸಲು ಬೇಕಾದ ಆಳು ಮತ್ತು ಖರ್ಚು ಸಣ್ಣ ಹಿಡುವಳಿದಾರರಿಗೆ ಎಟುಕುತ್ತಿರಲಿಲ್ಲ.

ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಫೈಟೊಫ್ತೋರ ಜಾತಿಯ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿಯ ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಕೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಅವರು ಇಲ್ಲಿ ಬೆಳೆಗಾರರ ತೋಟಗಳಲ್ಲಿಯೇ ಮಾಡಿ ತೋರಿಸಿದರು. ಇಂದಿಗೂ ಶೇಕಡಾ 1ರ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತ ಕಲಕಬೇಕು, ಕಬ್ಬಿಣದ ಪಾತ್ರೆ ಬಳಸಬಾರದು. ಹದ ನೋಡಲು ಹೊಳೆಯುವ ಚೂರಿಯೊಂದನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಲೆ ಕೂತರೆ ಸುಣ್ಣ ಸಾಲದೆಂದು ಅರ್ಥ, ಹಾಗೆಯೇ ಹೊಡೆದರೆ ಕಾಯಿ ಸುಡುತ್ತದೆ. ಆಗ ಸುಣ್ಣದ ತಿಳಿಯನ್ನು ಇನ್ನಷ್ಟು ಸೇರಿಸಿ ಮತ್ತೆ ಚೂರಿ ಅದ್ದಬೇಕು.

ಮಳೆ ಬಿಡುವು ಕೊಡದ ವರ್ಷಗಳಲ್ಲಿ ಎರಡನೆಯ ಸಿಂಪರಣೆ ತಡವಾಗಿ ಕೊಳೆ ಬೀಳುವುದನ್ನು ಕಂಡ ಹಲವು ಬೆಳೆಗಾರರು ಈಗ ಕೊನೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತಿದ್ದಾರೆ. ನಿಮ್ಮ ತೋಟದಲ್ಲಿ ಹಾಗೆ ಕಟ್ಟುವುದಾದರೆ ಮೊದಲ ಸಿಂಪರಣೆ ಮುಗಿದ ಮೇಲೆ, ಕೊನೆ ಒಣಗಿರುವಾಗ ಕಟ್ಟಿ, ಕೆಳಭಾಗವನ್ನು ಗಾಳಿಯಾಡುವಂತೆ ತೆರೆದಿಡಿ.